ಸರದಿ ಬೇರೆ, ಸಾಕ್ಷಿ ಬೇರೆ

ಈಚೆಗೆ ನಮ್ಮ ಹಳೆಯ ಆಫೀಸಿಗೆ ಹೊಸದಾಗಿ ಸೇರಿದ ಹುಡುಗಿಯೊಬ್ಬಳು ನನ್ನನ್ನು ನೋಡಲು ಮನೆಗೆ ಬಂದಿದ್ದಳು. ಮಂಡ್ಯದ ಕಡೆಯವಳು, ಇಲ್ಲಿ ಚೆನ್ನೈನ ಶೋಳಿಂಗನಲ್ಲೂರಿನಲ್ಲಿ ರೂಮು ಮಾಡಿಕೊಂಡಿದ್ದಾಳೆ. ಕಾಫಿ ಮುಗಿಯುವ ಮೊದಲೇ ಲ್ಯಾಪ್‌ಟಾಪ್ ತೆರೆದು, "ಮೇಡಂ, ಜಗಳ ಬಿಡ್ಸೋಕೆ ನೀವು ಒಂದಷ್ಟು ಸ್ಟೆಪ್ಸ್ ಅಂತ ಇಟ್ಕೊಂಡಿರ್ತೀರಲ್ವಾ, ಹೇಳಿ, ಟೈಪ್ ಮಾಡ್ಕೋತೀನಿ" ಅಂದಳು. ನನ್ನ ಯಜಮಾನರು ಒಳಗಿನಿಂದಲೇ, "ಜಗಳ ಶುರು ಮಾಡೋ ಸ್ಟೆಪ್ಸ್ ಬೇಕಾದ್ರೆ ಇವಳು ಇನ್ನೂ ಚೆನ್ನಾಗಿ ಹೇಳ್ತಾಳಮ್ಮಾ" ಎಂದರು. ಆ ಹುಡುಗಿ ನಕ್ಕಳು. ನನಗೆ ಮಾತ್ರ ಅವಳ ಪ್ರಶ್ನೆಗೆ ಉತ್ತರ ಹೊಳೆಯಲಿಲ್ಲ. ಅವಳು ಹೋದ ಮೇಲೆ ಕೂತು ಇದನ್ನು ಬರೆಯುತ್ತಿದ್ದೇನೆ.

ನಾನು ಮಾಡುತ್ತಿದ್ದ ಕೆಲಸಕ್ಕೆ ಒಂದೊಂದು ಕಾಲದಲ್ಲಿ ಒಂದೊಂದು ಹೆಸರಿತ್ತು. ಮೊದಲು ಸೌಹಾರ್ದ ಅಂದರು, ಆಮೇಲೆ ಸಂವಾದ ಅಂದರು, ಕೊನೆಗೆ ಇಂಗ್ಲಿಷಿನಲ್ಲಿ ಬಾಯಿತುಂಬುವ ಯಾವುದೋ ಹೆಸರು ಬಂತು. ಕೆಲಸ ಮಾತ್ರ ಒಂದೇ. ಹೊಡೆದಾಡಿಕೊಂಡ ಎರಡು ಬೀದಿ ಅಥವಾ ಎರಡು ಊರಿನವರು ಮತ್ತೆ ಪಕ್ಕಪಕ್ಕದಲ್ಲಿ ಬದುಕುವಂತೆ ಮಾಡುವುದು. ಆಫೀಸು ಕೀಲ್ಪಾಕ್‌ನಲ್ಲಿ, ಆಸ್ಪತ್ರೆಯ ಹಿಂದಿನ ರಸ್ತೆಯಲ್ಲಿತ್ತು. ನಮ್ಮ ತಂದೆ ರೈಲ್ವೆಯಲ್ಲಿದ್ದರು, ನಾನು ಬೆಳೆದದ್ದೆಲ್ಲ ಚೆನ್ನೈನಲ್ಲೇ. ಮನೆಯೊಳಗೆ ಮೈಸೂರು ಕಡೆಯ ಕನ್ನಡ, ಹೊಸಿಲು ದಾಟಿದರೆ ತಮಿಳು. ಇಲ್ಲಿ ಬರುವವರು ಆಡಿದ್ದೆಲ್ಲ ತಮಿಳಿನಲ್ಲೇ. ಅದನ್ನು ನಮ್ಮ ಮನೆಯ ಕನ್ನಡಕ್ಕೆ ಹಾಕಿ ಬರೆಯುತ್ತಿದ್ದೇನೆ.

ಸೇರಿದ ಹೊಸದರಲ್ಲಿ ನಾನು ಮಾಡಿದ ಒಂದು ಘನಂದಾರಿ ಕೆಲಸ ಕೇಳಿ. ಶವ ಒಯ್ಯುವ ದಾರಿಗಾಗಿ ಎರಡು ಬೀದಿಯವರು ಕಲ್ಲು ತೂರಿಕೊಂಡಿದ್ದರು. ನಾನು ಎರಡೂ ಕಡೆಯ ಹಿರಿಯರನ್ನು ಕರೆಸಿ, ಮಾತು ಶುರುವಾಗುವ ಮೊದಲೇ ಕೈ ಕುಲುಕಿಸಿ ಫೋಟೋ ತೆಗೆಸಿದೆ. ಫೋಟೋ ಮರುದಿನದ ಪೇಪರಿನಲ್ಲಿ ಬಂತು. ಅದನ್ನು ನೋಡಿದ ಎರಡೂ ಬೀದಿಯ ಹುಡುಗರು, ನಮ್ಮನ್ನು ಕೇಳದೆ ಕೈ ಕೊಡಲು ನೀನ್ಯಾರು ಎಂದು ತಮ್ಮ ತಮ್ಮ ಹಿರಿಯರ ಮನೆಗೇ ಕಲ್ಲು ತೂರಿದರು. ಅಲ್ಲಿಯವರೆಗೆ ಎರಡು ಗುಂಪಿತ್ತು, ನನ್ನ ಕೃಪೆಯಿಂದ ನಾಲ್ಕಾಯಿತು. ಅಂದಿನಿಂದ ಕ್ಯಾಮೆರಾ ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ.

ನಮ್ಮ ಮುಖ್ಯಸ್ಥರು ಜೋಸೆಫ್ ಸಾರ್. ಒಳ್ಳೆಯ ಮನುಷ್ಯ. ಯಾರನ್ನಾದರೂ ಸುಮ್ಮನೆ ಠಾಣೆಗೆ ಒಯ್ದಿದ್ದಾರೆಂದು ತಿಳಿದರೆ ಊಟ ಬಿಟ್ಟು ಹೋಗಿ ಅಲ್ಲಿನ ಬೆಂಚಿನ ಮೇಲೆ ಕೂರುತ್ತಿದ್ದರು. ಆದರೆ ಅವರಿಗೆ ಸಹಿಯ ಹುಚ್ಚು. ಒಪ್ಪಂದಕ್ಕೆ ಎರಡೂ ಕಡೆಯವರು ಸಹಿ ಹಾಕಿದರೆಂದರೆ ಅವರ ಪಾಲಿಗೆ ಶಾಂತಿ ಬಂದಂತೆ. "ಸಹಿ ಆಯಿತಾ?" ಎಂಬುದೇ ಅವರ ಮೊದಲ ಪ್ರಶ್ನೆ, ಕೊನೆಯ ಪ್ರಶ್ನೆಯೂ ಅದೇ. ಎಣ್ಣೂರಿನ ವಿಷಯದಲ್ಲಿ ನಮ್ಮಿಬ್ಬರಿಗೂ ಜಟಾಪಟಿಯಾದದ್ದು ಅದಕ್ಕೇ.

ಚೆನ್ನೈನ ಉತ್ತರಕ್ಕೆ, ಎಣ್ಣೂರಿನ ಹಿನ್ನೀರಿನ ಆಚೆ ಈಚೆ ಎರಡು ಮೀನುಗಾರರ ಕುಪ್ಪಗಳು, ಅಂದರೆ ಕೇರಿಗಳು. ನಿಜವಾದ ಹೆಸರು ಬೇಡ, ಉತ್ತರದ ಕುಪ್ಪ, ದಕ್ಷಿಣದ ಕುಪ್ಪ ಎನ್ನೋಣ. ಹಿನ್ನೀರಿನಲ್ಲಿ ಸೀಗಡಿ ಸಿಗುವ ಜಾಗಗಳು ಕೆಲವೇ. ಎಲ್ಲರೂ ಒಟ್ಟಿಗೆ ಬಲೆ ಹಾಕಿದರೆ ಯಾರಿಗೂ ಏನೂ ಸಿಗುವುದಿಲ್ಲ. ಅದಕ್ಕೆ ಹಿಂದಿನಿಂದ ಸರದಿ ಮಾಡಿಕೊಂಡಿದ್ದಾರೆ. ಇಂದು ಈ ಮನೆ, ನಾಳೆ ಆ ಮನೆ. ಮದುವೆಯಾದ ಗಂಡಸಿರುವ ಮನೆಗೆ ಒಂದು ಸರದಿ. ಊರಿನ ತಲೈವರ್, ಅಂದರೆ ಕುಪ್ಪದ ಯಜಮಾನ, ದೇವಸ್ಥಾನದ ಮುಂದಿನ ಮರಳಿನಲ್ಲಿ ಎಲ್ಲರನ್ನೂ ಕೂರಿಸಿ ಸರದಿ ಕೂಗುತ್ತಾನೆ. ಅಲ್ಲಿ ಕೂಗಿದ್ದೇ ಕಾನೂನು.

ಹಿನ್ನೀರಿಗೆ ಹೂಳು, ವಿದ್ಯುತ್ ಸ್ಥಾವರದ ಬೂದಿ ತುಂಬುತ್ತ ಬಂದು ಸೀಗಡಿಯ ಜಾಗಗಳು ಕಮ್ಮಿಯಾದವು. ಇದ್ದ ಜಾಗಕ್ಕೆ ಎರಡೂ ಕುಪ್ಪದವರು ಕಚ್ಚಾಡತೊಡಗಿದರು. ಒಂದು ಬೆಳಗ್ಗೆ ನೀರಿನ ನಡುವೆಯೇ ಹೊಡೆದಾಟವಾಯಿತು. ಉತ್ತರದ ಬಾಬು ಎಂಬ ಯುವಕ ತನ್ನ ದೋಣಿಯನ್ನು ದಕ್ಷಿಣದ ಶೇಖರನ ದೋಣಿಗೆ ಗುದ್ದಿದ. ಶೇಖರ್ ನೀರಿಗೆ ಬಿದ್ದ. ತನ್ನದೇ ಬಲೆಯಲ್ಲಿ ಕಾಲು ಸಿಕ್ಕಿಕೊಂಡು ಮೇಲೆ ಬರಲಾಗದೆ ಸತ್ತ. ದಡದಲ್ಲಿ ಮೀನು ತುಂಬಿಕೊಳ್ಳಲು ಬುಟ್ಟಿ ಹಿಡಿದು ನಿಂತಿದ್ದ ಅವನ ಹೆಂಡತಿ ಅಂಜಲೈ ಇದನ್ನೆಲ್ಲ ಕಣ್ಣಾರೆ ಕಂಡಳು. ಪೊಲೀಸರು ಬಾಬುವನ್ನು ಮೊದಲ ಆರೋಪಿ ಮಾಡಿದರು, ಅಂಜಲೈಯನ್ನು ಮೊದಲ ಸಾಕ್ಷಿ ಮಾಡಿದರು. ಹಿನ್ನೀರಿಗೆ ಯಾರೂ ಇಳಿಯಕೂಡದು ಎಂದು ಆಜ್ಞೆಯಾಯಿತು. ಎರಡೂ ಕುಪ್ಪದ ಒಲೆ ತಣ್ಣಗಾಯಿತು. ಆಗ ನಮ್ಮನ್ನು ಕರೆದರು.

ನಾವು ಹೋಗಿ ತಿಂಗಳುಗಟ್ಟಲೆ ಸಭೆ ನಡೆಸಿದೆವು. ಬೆಳಗ್ಗೆ ಹತ್ತು ಗಂಟೆಗೆ, ಆಫೀಸಿನ ಹೊತ್ತಿಗೆ. ಗಂಡಸರು ಬರುತ್ತಿದ್ದರು, ಕೂಗಾಡುತ್ತಿದ್ದರು, ಟೀ ಕುಡಿದು ಹೋಗುತ್ತಿದ್ದರು. ಒಬ್ಬ ಹೆಂಗಸೂ ಬರಲಿಲ್ಲ. "ಮಹಿಳೆಯರು ಆಸಕ್ತಿ ತೋರುತ್ತಿಲ್ಲ" ಎಂದು ನಾನೇ ವರದಿ ಬರೆದೆ. ಅಂಜಲೈಯನ್ನು ನೋಡಬೇಕೆಂದು ಅವಳ ಮನೆಗೆ ಹೋದಾಗಲೆಲ್ಲ ಬಾಗಿಲಿಗೆ ಬೀಗ. ದುಃಖದಲ್ಲಿದ್ದಾಳೆ, ನಮ್ಮ ಮುಖ ನೋಡಲು ಇಷ್ಟವಿಲ್ಲ ಎಂದು ನಾವೇ ಅರ್ಥ ಮಾಡಿಕೊಂಡೆವು.

ಒಂದು ದಿನ ಬಾಗಿಲ ಮುಂದೆ ನಿಂತಿದ್ದಾಗ ಪಕ್ಕದ ಮನೆಯ ಮುದುಕಿ ಕೇಳಿದಳು, "ಯಾರು ಬೇಕಮ್ಮಾ?"

"ಅಂಜಲೈ."

"ಈ ಹೊತ್ತಲ್ಲಿ ಅವಳು ಇಲ್ಲೇಕೆ ಇರ್ತಾಳೆ? ಮೀನು ಮಾರೋಕೆ ಕೀಲ್ಪಾಕ್‌ಗೆ ಹೋಗಿದ್ದಾಳೆ."

ನಮ್ಮ ಆಫೀಸಿನಿಂದ ಎರಡು ಬಸ್ ಸ್ಟಾಪ್ ದೂರದ ಮೀನಿನ ಸಾಲಿನಲ್ಲಿ ಅವಳು ಕೂರುತ್ತಿದ್ದಳು. ನಾವು ಅವಳನ್ನು ಹುಡುಕಿಕೊಂಡು ಜೀಪಿನಲ್ಲಿ ಎಣ್ಣೂರಿಗೆ ಹೋಗುತ್ತಿದ್ದೆವು. ಆ ಕುಪ್ಪಗಳಲ್ಲಿ ಹಿಡಿಯುವುದು ಗಂಡಸಿನ ಕೆಲಸ, ಮಾರುವುದು ಹೆಂಗಸಿನ ಕೆಲಸ. ಬೆಳಗ್ಗೆ ಹತ್ತಕ್ಕೆ ಒಬ್ಬ ಹೆಂಗಸೂ ಊರಿನಲ್ಲಿ ಇರುವುದಿಲ್ಲ. ಈಗ ಹಿನ್ನೀರು ಮುಚ್ಚಿದ್ದರಿಂದ ಬಂದರಿನಲ್ಲಿ ಮೀನು ಕೊಂಡು ತಂದು ಮಾರುತ್ತಿದ್ದರು. ಮೀನು ತಿನ್ನುವ ಮನೆಯಲ್ಲಿ ಹುಟ್ಟಿ, ಅದೇ ಸಾಲಿನಲ್ಲಿ ಚೌಕಾಸಿ ಮಾಡಿ ಮೀನು ಕೊಂಡಿದ್ದ ನನಗೆ ಇಷ್ಟು ಹೊಳೆಯಲಿಲ್ಲವೆಂದರೆ ನಾಚಿಕೆಗೇಡು. ಹೊಸಬರೇ, ಸಭೆ ಎಲ್ಲಿ ಎನ್ನುವ ಮೊದಲು ಆ ಹೊತ್ತಿಗೆ ಊರಿನಲ್ಲಿ ಯಾರಿರುತ್ತಾರೆ ಎಂದು ಕೇಳಿ.

ಮರುದಿನ ಮೀನಿನ ಸಾಲಿಗೆ ಹೋದೆ. ಅಂಜಲೈ ಸಣಕಲು ಹೆಂಗಸು, ಮೂವತ್ತರ ಆಸುಪಾಸು. ಕಣ್ಣೆತ್ತದೆ ಮೀನು ಕೊಯ್ಯುತ್ತಿದ್ದಳು. ಅವಳ ಬೆನ್ನಿಗೆ ಬೆನ್ನು ಹಾಕಿ, ಆಚೆ ಮುಖ ಮಾಡಿಕೊಂಡು ಇನ್ನೊಬ್ಬ ಹೆಂಗಸು ಕೂತಿದ್ದಳು, ವಯಸ್ಸಾದವಳು. ಆಕೆ ಉತ್ತರದ ಮುನಿಯಮ್ಮ, ಬಾಬುವಿನ ತಾಯಿ! ಎರಡು ಕುಪ್ಪಗಳ ಗಂಡಸರು ಪರಸ್ಪರರ ನಲ್ಲಿಯ ನೀರು ಕೂಡ ಮುಟ್ಟುವುದಿಲ್ಲವೆಂದು ಶಪಥ ಮಾಡಿದ್ದರು. ಹೆಂಗಸರಿಗೆ ಬಂದರಿನಿಂದ ಕೀಲ್ಪಾಕ್‌ಗೆ ಬರಲು ಇದ್ದದ್ದು ಒಂದೇ ಲೋಡ್ ಆಟೋ. ಜಗಳ ಎಂದು ಕಾದು ಕೂತರೆ ಮೀನು ಕೊಳೆಯುತ್ತದೆ. ಹಾಗಾಗಿ ಒಂದೇ ಆಟೋದಲ್ಲಿ ಬರುತ್ತಿದ್ದರು, ಮೊದಲಿನಿಂದ ಕೂರುತ್ತಿದ್ದ ಜಾಗದಲ್ಲೇ ಕೂರುತ್ತಿದ್ದರು. ಮಾತು ಮಾತ್ರ ಇಲ್ಲ.

ನಾನು ಯಾರೆಂದು ಹೇಳಿದೆ. ಅಂಜಲೈ ಕತ್ತಿ ನಿಲ್ಲಿಸಲಿಲ್ಲ.

"ನಿಮ್ ಮೀಟಿಂಗಲ್ಲಿ ಏನ್ ಮಾತಾಡಿದ್ರಕ್ಕಾ?"

"ಸರದಿ ಮತ್ತೆ ಶುರು ಮಾಡೋದರ ಬಗ್ಗೆ."

"ಅದ್ರಲ್ಲಿ ನನ್ ಮನೆ ಸರದಿ ಇದ್ಯಾ?"

ಎರಡೂ ಕಡೆಯ ಹಿರಿಯರು ಹೇಳಿದ ಸರದಿಯನ್ನು ನಾವು ಹಾಗೆಯೇ ಒಪ್ಪಿಕೊಂಡಿದ್ದೆವು. ಅದರಲ್ಲಿ ಶೇಖರನ ಮನೆ ಇರಲಿಲ್ಲ.

"ಇರಲ್ಲ. ಗಂಡ್ಸಿಲ್ಲದ ಮನೆಗೆ ಸರದಿ ಇಲ್ಲ. ನನಗಿರೋದು ಒಬ್ಳೇ ಮಗಳು. ಮೊನ್ನೆ ತಲೈವರ್ ಕರ್ದು ಏನಂದ್ರು ಗೊತ್ತಾ? ಕೋರ್ಟಲ್ಲಿ ಏನೂ ನೋಡ್ಲಿಲ್ಲ ಅನ್ನು, ಆಗ್ಲೇ ಉತ್ತರದವರು ರಾಜಿಗೆ ನಿಲ್ತಾರೆ, ಊರಿಗೆ ಹೇಳಿ ನಿನಗೊಂದು ಸರದಿ ಕೊಡಿಸ್ತೀನಿ ಅಂದ್ರು. ನಾನು ನೋಡಿದೀನಿ ಅಕ್ಕಾ. ನೋಡಿದ್ದನ್ನ ನೋಡ್ಲಿಲ್ಲ ಅಂತ ಹೆಂಗೆ ಹೇಳ್ಲಿ?"

ಬೆನ್ನ ಹಿಂದೆ ಮುನಿಯಮ್ಮ ಮೀನಿನ ಮೇಲೆ ನೀರು ಚಿಮುಕಿಸುತ್ತಿದ್ದಳು. ಅವಳಿಗೆ ಎಲ್ಲವೂ ಕೇಳಿಸಿತ್ತು. ಅವಳು ತಿರುಗಲಿಲ್ಲ.

ವಿಷಯ ಇಷ್ಟೇ. ಅಂಜಲೈಗೆ ಬದುಕಲು ಸರದಿ ಬೇಕು. ಸತ್ಯ ಹೇಳಲು ಕೋರ್ಟು ಬೇಕು. ಒಂದನ್ನು ಬಿಟ್ಟರೆ ಇನ್ನೊಂದು ಸಿಗುತ್ತದೆ ಎನ್ನುತ್ತಿದೆ ಅವಳದೇ ಊರು. ಅಲ್ಲಿಯವರೆಗೆ ನಮ್ಮ ಮನಸ್ಸಿನಲ್ಲಿ ಇದ್ದದ್ದು ಎರಡು ಊರುಗಳ ಜಗಳ. ಇವಳ ಜಗಳ ತನ್ನ ಊರಿನೊಂದಿಗೆ ಎಂದು ಯಾರಿಗೂ ಹೊಳೆದಿರಲಿಲ್ಲ.

ಆಫೀಸಿಗೆ ಬಂದು ಜೋಸೆಫ್ ಸಾರ್ ಮುಂದೆ ಎಲ್ಲ ಹೇಳಿದೆ. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಒಪ್ಪಂದ ಸಿದ್ಧವಾಗಿತ್ತು, ಎರಡೂ ಕಡೆಯವರು ಸಹಿಗೆ ಒಪ್ಪಿದ್ದರು.

"ಇದು ಅವರ ಊರಿನ ಒಳಗಿನ ವಿಷಯಮ್ಮಾ. ಅದಕ್ಕೆ ಕೈ ಹಾಕಿದ್ರೆ ಇಷ್ಟು ದಿನ ಮಾಡಿದ್ದೆಲ್ಲ ನೀರಿಗೆ ಹೋಗುತ್ತೆ. ಎರಡು ಕುಪ್ಪದ ಮಕ್ಕಳು ಉಪವಾಸ ಇದಾರೆ. ಒಬ್ಬಳಿಗೋಸ್ಕರ ಅಷ್ಟೂ ಜನರ ಹೊಟ್ಟೆ ಮೇಲೆ ಹೊಡೀತೀಯಾ?"

"ಅವಳಿಗೂ ಹೊಟ್ಟೆ ಇದೆ ಸಾರ್."

"ಮೊದಲು ಸಹಿ ಆಗಲಿ. ಅವಳ ವಿಷಯ ಆಮೇಲೆ ನೋಡೋಣ."

"ಆಮೇಲೆ ಯಾರೂ ನೋಡಲ್ಲ ಸಾರ್, ನಿಮಗೂ ಗೊತ್ತು."

ಅವರು ಸಿಟ್ಟಾದರು, ನಾನೂ ಸಿಟ್ಟಾದೆ. ಅವರು ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ. ಹಸಿದ ಮಕ್ಕಳನ್ನು ನಾನೂ ನೋಡಿದ್ದೆ. ಇಂಥ ಹೊತ್ತಿನಲ್ಲಿ ಇಬ್ಬರೂ ಸರಿಯಾಗಿರುತ್ತಾರೆ, ಅದೇ ಈ ಕೆಲಸದ ದೊಡ್ಡ ಕಿರಿಕಿರಿ. ಕೊನೆಗೆ ನಾನು ಒಂದೇ ಒಂದು ಕೇಳಿದೆ. ಕೊನೆಯ ಸಭೆ ಬೆಳಗ್ಗೆ ಬೇಡ, ಹೆಂಗಸರು ಮಾರಾಟ ಮುಗಿಸಿ ಬಂದ ಮೇಲೆ ಸಂಜೆ ಇಡೋಣ, ಎಂದಿನ ಹಾಲ್‌ನಲ್ಲಿ ಅಲ್ಲ, ಎರಡು ಕುಪ್ಪಕ್ಕೂ ಸೇರಿದ ದೇವಸ್ಥಾನದ ಮುಂದಿನ ಮರಳಿನಲ್ಲಿ. ಸಾರ್ ಗೊಣಗಿಕೊಂಡೇ ಒಪ್ಪಿದರು.

ಆ ಸಂಜೆ ಗಂಡಸರು ಮುಂದೆ ಕೂತರು. ಹೆಂಗಸರು ಖಾಲಿ ಬುಟ್ಟಿಗಳ ಸಮೇತ ಬಂದು ಹಿಂದೆ ನಿಂತರು. ದಕ್ಷಿಣದ ತಲೈವರ್ ಗೋವಿಂದನ್ ಎದ್ದು ಸರದಿ ಕೂಗತೊಡಗಿದರು. ಬಿಳಿ ಮೀಸೆ, ಗಡಸು ದನಿ. ಅವರು ಕೂಗಿ ಮುಗಿಸಿದಾಗ ಅಂಜಲೈ ಹಿಂದಿನಿಂದ ಕೇಳಿದಳು.

"ಶೇಖರ್ ಮನೆ ಸರದಿ ಎಲ್ಲಿ ತಲೈವರೇ?"

"ಅದನ್ನ ಆಗ್ಲೇ ಹೇಳಿದೀನಲ್ಲಮ್ಮಾ. ನೀನು ಊರಿನ ಮಾತು ಕೇಳು, ಊರು ನಿನ್ನ ಮಾತು ಕೇಳುತ್ತೆ."

"ಕೋರ್ಟಲ್ಲಿ ಸುಳ್ಳು ಹೇಳಲ್ಲ ನಾನು."

"ಹಾಗಾದ್ರೆ ಸರದಿ ಕೇಳ್ಬೇಡ. ಹೆಂಗ್ಸು ಬಲೆ ಹಾಕ್ತಾಳಾ? ಹುಟ್ಟು ಹಾಕ್ತಾಳಾ? ಇದು ನಮ್ಮ ಅಪ್ಪಂದಿರ ಕಾಲದಿಂದ ಬಂದಿದ್ದು."

ಉತ್ತರದ ಗಂಡಸರು ಸುಮ್ಮನೆ ಕೂತಿದ್ದರು. ಅವಳು ಬಾಯಿ ಮುಚ್ಚಿಕೊಂಡರೆ ಅವರ ಹುಡುಗ ಉಳಿಯುತ್ತಾನೆ, ಅವರಿಗೇನು ಅವಸರ? ಜೋಸೆಫ್ ಸಾರ್ ನನ್ನ ಕಡೆ ನೋಡಿದರು. ನಾನು ಎದ್ದು ಏನೋ ಹೇಳಬೇಕೆನ್ನುವಷ್ಟರಲ್ಲಿ ಹೆಂಗಸರ ನಡುವಿನಿಂದ ಮುನಿಯಮ್ಮ ಮುಂದೆ ಬಂದಳು. ಗಂಡಸರ ಸಾಲು ದಾಟಿ, ಬುಟ್ಟಿಯನ್ನು ಗೋವಿಂದನ್ ಕಾಲ ಬಳಿ ಬೋರಲು ಹಾಕಿದಳು.

"ಗಂಡ ಸತ್ತಾಗ ನನ್ನ ಸರದೀನೂ ಹಿಂಗೇ ಕಿತ್ಕೊಂಡ್ರು, ನಮ್ಮೂರಲ್ಲಿ. ಬಾಬು ಮದ್ವೆ ಆಗೋವರೆಗೂ ಬೇರೆಯವರ ಮೀನು ಮಾರಿ ಅವನನ್ನ ಸಾಕಿದೆ. ಅವತ್ತು ಯಾರೂ ನನ್ನ ಪರವಾಗಿ ಬಾಯಿ ಬಿಡ್ಲಿಲ್ಲ. ಇವಳ ಸರದಿ ಬೇರೆ, ಕೋರ್ಟಲ್ಲಿ ಇವಳು ಹೇಳೋ ಸಾಕ್ಷಿ ಬೇರೆ. ಎರಡನ್ನೂ ಒಂದೇ ತಕ್ಕಡಿಗೆ ಹಾಕ್ಬೇಡಿ."

ಉತ್ತರದ ಕಡೆಯಿಂದ ಯಾರೋ ಕೂಗಿದರು, "ನಿನ್ ಮಗನ್ ಮೇಲೇ ಸಾಕ್ಷಿ ಹೇಳೋಳು ಅವಳು, ಗೊತ್ತಾ?"

"ಹೆತ್ತೋಳಿಗೆ ಗೊತ್ತಿರಲ್ವಾ? ದಿನಾ ರಾತ್ರಿ ಅದನ್ನೇ ನೆನ್ಸಿ ಅಳ್ತೀನಿ. ಆದ್ರೆ ನನ್ ಮಗನ್ನ ಬಿಡ್ಸೋಕೆ ಇವಳ ಮಗಳ ಅನ್ನ ಕಿತ್ಕೊಂಡ್ರೆ ಆ ದೇವ್ರು ನನ್ನ ಸುಮ್ನೆ ಬಿಡ್ತಾನಾ? ಇವಳಿಗೆ ಸರದಿ ಕೊಡ್ಲಿಲ್ಲ ಅಂದ್ರೆ ಹಿನ್ನೀರಿನ ಒಂದು ಸೀಗಡೀನೂ ನಾನು ಮಾರಲ್ಲ. ನೀವೇ ಬುಟ್ಟಿ ಹೊತ್ಕೊಂಡು ಕೀಲ್ಪಾಕ್‌ಗೆ ಹೋಗಿ."

ಆಮೇಲೆ ಹಿಂದಿನಿಂದ ಇನ್ನೊಂದು ಬುಟ್ಟಿ ಬಂದು ಮರಳಿನ ಮೇಲೆ ಬೋರಲು ಬಿತ್ತು. ಅದು ದಕ್ಷಿಣದ್ದು. ಮತ್ತೊಂದು ಉತ್ತರದ್ದು. ಎಲ್ಲರೂ ಹಾಕಿದರು ಎಂದು ಬರೆದರೆ ಸುಳ್ಳಾಗುತ್ತದೆ. ಅನೇಕರು ಬುಟ್ಟಿ ಎದೆಗವಚಿಕೊಂಡು ಹಾಗೆಯೇ ನಿಂತಿದ್ದರು. ಆದರೆ ಬಿದ್ದ ಬುಟ್ಟಿಗಳನ್ನು ನೋಡಿ ಗೋವಿಂದನ್ ಮೀಸೆಯ ಮೇಲೆ ಕೈಯಾಡಿಸಿದರು. ಹಿಡಿದ ಮೀನು ಮಾರುವವರಿಲ್ಲದಿದ್ದರೆ ಅದು ದಡದಲ್ಲಿ ನಾರುತ್ತದೆಂಬುದು ಅವರಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಎರಡೂ ಕಡೆಯ ಹಿರಿಯರು ಎದ್ದು ಹೋಗಿ ಮರೆಯಲ್ಲಿ ಮಾತಾಡಿ ಬಂದರು. ಶೇಖರನ ಮನೆಯ ಸರದಿ ಕೂಗಿದರು. ಬಲೆ ಹಾಕಲು ಕೂಲಿಗೆ ಯಾರನ್ನು ಬೇಕಾದರೂ ಅವಳು ಕರೆದುಕೊಳ್ಳಬಹುದು, ತಾನು ಮಾತ್ರ ಬಲೆ ಮುಟ್ಟಕೂಡದು ಎಂದರು. ಮುಟ್ಟಕೂಡದು ಎಂಬುದು ನನಗೆ ಹಿಡಿಸಲಿಲ್ಲ. ಅಂಜಲೈ ಕೂಡಲೇ ಒಪ್ಪಿದಳು. ನಾನು ಬಾಯಿ ಮುಚ್ಚಿಕೊಂಡೆ.

ಸಹಿಯಾಯಿತು, ಹಿನ್ನೀರಿನ ಮೇಲಿನ ಆಜ್ಞೆ ತೆಗೆದರು. ಅವಳ ಸರದಿಯ ದಿನ ದಡಕ್ಕೆ ಹೋದೆ. ದೋಣಿ ಇತ್ತು, ಬಲೆ ಇತ್ತು, ಹುಟ್ಟು ಹಾಕುವವರು ಇರಲಿಲ್ಲ. ತಲೈವರ್ ಮುಖ ನೋಡಿಕೊಂಡು ದಕ್ಷಿಣದವರು ಒಬ್ಬೊಬ್ಬರೂ ಒಂದೊಂದು ನೆಪ ಹೇಳಿದ್ದರು. ಬಲೆ ಹಾಕಬೇಕಾದದ್ದು ಸಮುದ್ರದ ನೀರು ಇಳಿಯುವಾಗ, ಆ ಹೊತ್ತು ಮೀರುತ್ತಿತ್ತು. ಅಷ್ಟರಲ್ಲಿ ಆಚೆ ದಡದಿಂದ ಒಬ್ಬ ಬಂದ. ಬಾಬು. ಜಾಮೀನಿನ ಮೇಲೆ ಹೊರಗಿದ್ದ. ತಾಯಿ ಕಳಿಸಿದಳೋ, ತಾನೇ ಬಂದನೋ, ನಾನು ಕೇಳಲಿಲ್ಲ. ತಲೆ ತಗ್ಗಿಸಿ ದೋಣಿಯ ಪಕ್ಕ ನಿಂತ. ಅಂಜಲೈ ಅವನನ್ನು ಬಹಳ ಹೊತ್ತು ನೋಡಿದಳು.

"ಕೋರ್ಟಲ್ಲಿ ನಾನು ಹೇಳೋದು ಹೇಳ್ತೀನಿ," ಅಂದಳು.

"ಸರಿ ಅಕ್ಕಾ."

"ಹತ್ತು."

ಇದನ್ನು ಕೇಳಿ ಸರ್ಕಾರಿ ವಕೀಲರು ತಲೆ ಚಚ್ಚಿಕೊಂಡರು. ಸಾಕ್ಷಿಯ ದೋಣಿಯಲ್ಲಿ ಆರೋಪಿ! ನನ್ನನ್ನು ಕರೆಸಿ ಚೆನ್ನಾಗಿ ಬೈದರು. ಅವಳು ತಿರುಗಿಬೀಳುತ್ತಾಳೆ, ಕೇಸು ಬಿದ್ದುಹೋಗುತ್ತದೆ ಎಂದರು. ಜೋಸೆಫ್ ಸಾರ್ ಖುಷಿಯಾಗಿದ್ದರು. ಸಮಾಧಾನವಾದ ಮೇಲೆ ಅವಳು ಸಾಕ್ಷಿ ಹೇಳಲಿಕ್ಕಿಲ್ಲ, ಎಲ್ಲ ಸುಖಾಂತ್ಯ ಎಂದು ಅವರ ಲೆಕ್ಕ. ನಿಜ ಹೇಳಬೇಕೆಂದರೆ ನಾನೂ ಹಾಗೇ ಅಂದುಕೊಂಡಿದ್ದೆ.

ಕೇಸು ವಿಚಾರಣೆಗೆ ಬರುವ ಹೊತ್ತಿಗೆ ನನ್ನ ನಿವೃತ್ತಿ ಹತ್ತಿರವಾಗಿತ್ತು. ಕೋರ್ಟಿನ ಹಿಂದಿನ ಬೆಂಚಿನಲ್ಲಿ ನಾನೂ ಮುನಿಯಮ್ಮನೂ ಕೂತಿದ್ದೆವು. ಅವಳು ನನ್ನ ಕೈ ಹಿಡಿದುಕೊಂಡಿದ್ದಳು, ಮೀನು ಕೊಯ್ದು ಒರಟಾದ ಕೈ. ಅಂಜಲೈ ಕಟಕಟೆ ಹತ್ತಿದಳು. ಬಾಬು ದೋಣಿ ತಿರುಗಿಸಿದ್ದು, ಗುದ್ದಿದ್ದು, ಗಂಡ ನೀರಿಗೆ ಬಿದ್ದದ್ದು, ತಾನು ಕೂಗಿದ್ದು, ಎಲ್ಲವನ್ನೂ ಹೇಳಿದಳು. ಗುದ್ದಿದವನು ಇಲ್ಲಿದ್ದಾನೆಯೇ ಎಂದಾಗ ಬೆರಳು ತೋರಿಸಿದಳು. ಒಂದು ಮಾತು ಹೆಚ್ಚಿಲ್ಲ, ಕಮ್ಮಿಯಿಲ್ಲ. ಮುನಿಯಮ್ಮ ನನ್ನ ಕೈ ಬಿಟ್ಟು ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ನನಗೂ ದುಃಖ ತಡೆಯಲಾಗಲಿಲ್ಲ.

ಬಾಬುವಿನ ವಕೀಲರು ಎದ್ದರು. "ಈತ ನಿಮ್ಮ ದೋಣಿಯಲ್ಲೇ ಕೆಲಸ ಮಾಡ್ತಾನೆ, ಅಲ್ವಾ?"

"ಆಮಾ, ಮಾಡ್ತಾನೆ."

"ಗಂಡನ್ನ ಕೊಂದವನು ಅಂತ ನಿಜವಾಗ್ಲೂ ನಂಬಿದ್ರೆ ಅವನನ್ನ ದೋಣಿ ಹತ್ತಿಸ್ತಿದ್ರಾ? ಉತ್ತರದವರ ಮೇಲಿನ ದ್ವೇಷಕ್ಕೆ ಸುಳ್ಳು ಹೇಳ್ತಿದೀರಿ ಅಂತೀನಿ ನಾನು."

ಪ್ರಶ್ನೆ ಅರ್ಥವಾಗಲಿಲ್ಲವೇನೋ ಎಂಬಂತೆ ಅಂಜಲೈ ವಕೀಲರ ಮುಖ ನೋಡಿದಳು.

"ದ್ವೇಷ ಇದ್ದಿದ್ರೆ ದೋಣಿ ಹತ್ತಿಸ್ತಿರಲಿಲ್ಲ ಸಾರ್. ದ್ವೇಷ ಇಲ್ಲ. ಆದ್ರೆ ನಡೆದದ್ದು ನಡೆದದ್ದೇ ಅಲ್ವಾ?"

ಹೊರಗೆ ಮರದ ಕೆಳಗೆ ಎಲ್ಲರೂ ನಿಂತೆವು. ಬಾಬು ವಕೀಲರ ಹಿಂದೆ ಬಂದ, ತಾಯಿಯ ಪಕ್ಕ ನಿಂತ, ನೆಲ ನೋಡುತ್ತಿದ್ದ. ಅಂಜಲೈ ಸೆರಗು ಸರಿಮಾಡಿಕೊಂಡು ಬಸ್ ಸ್ಟಾಪಿನ ಕಡೆ ಹೊರಟವಳು ನಿಂತು, ತಿರುಗಿದಳು.

"ನಾಳೆ ನಮ್ ಸರದಿ. ನೀರು ಇಳಿಯೋಕೆ ಮುಂಚೆ ಬಾ," ಎಂದಳು.

ಬಾಬು ತಲೆಯಾಡಿಸಿದ.